ಹಿರಿಯರ ಧ್ವನಿಯಲ್ಲಿ ನಾನು ಮಾಡಿದ ಪ್ರಾರ್ಥನೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಪೆದ್ದುತನ ನನ್ನದೇ. ಹೊಸನಗರದ ನಮ್ಮ ಕ್ರೈಸ್ತ ಸಭೆಯಲ್ಲಿ ಒಂದು ಶನಿವಾರ ಹಾಡಿನ ಅಭ್ಯಾಸ ನಡೆಯುತ್ತಿದ್ದಾಗ ಬಾಗಿಲಿಗೆ ಬೆನ್ನು ಹಾಕಿ ಕೂತು, ಕೀಬೋರ್ಡಿನ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ನಾನೊಂದು ಉದ್ದನೆಯ ಪ್ರಾರ್ಥನೆ ಮಾಡಿದೆ. ಪ್ರಾರ್ಥನೆ ಮಾಡುವುದು ಪೆದ್ದುತನವಲ್ಲ, ನಿಜ. ಆದರೆ ಅದನ್ನು ನಾನು ನನ್ನ ಧ್ವನಿಯಲ್ಲಿ ಮಾಡಿರಲಿಲ್ಲ. ನಮ್ಮ ಮೂರೂ ಊರಿನ ಸಭೆಗಳಿಗೆ ಹಿರಿಯರಾದ ತೀರ್ಥಹಳ್ಳಿಯ ಅಂಕಲ್ ಒಬ್ಬರ ಧ್ವನಿಯಲ್ಲಿ ಮಾಡಿದ್ದೆ. ಆರಂಭದ ಸಣ್ಣ ಕೆಮ್ಮು, ‘ಕರುಣಾಳುವಾದ ತಂದೆಯೇ’ ಎನ್ನುವಾಗ ಕೊನೆಯ ಅಕ್ಷರವನ್ನು ಎಳೆಯುವ ಎಳೆತ, ಒಂದು ಸ್ಟಾಪನ್ನೂ ಬಿಡದ ಕಂಡಕ್ಟರನ ಹಾಗೆ ಕಾರ್ಗಲ್, ತಾಳಗುಪ್ಪ, ಸಾಗರ, ತುಮರಿ ಎಂದು ಊರೂರಿನ ಹೆಸರು ಕರೆದು ಆಶೀರ್ವಾದ ಬೇಡುವ ಕ್ರಮ, ಎಲ್ಲವನ್ನೂ ಚಾಚೂ ತಪ್ಪದೆ ಒಪ್ಪಿಸಿದೆ.

ಮುಗಿಸಿದೆ. ಹಿಂದಿನಿಂದ ‘ಆಮೆನ್’ ಎಂದು ಕೇಳಿಸಿತು. ಅದೂ ಅದೇ ಧ್ವನಿಯಲ್ಲಿ. ಒಂದು ಗಳಿಗೆ ನನ್ನ ವಿದ್ಯೆಗೆ ನಾನೇ ಬೆರಗಾದೆ. ಬಾಯಿ ಮುಚ್ಚಿದ ಮೇಲೂ ಧ್ವನಿ ಬರುತ್ತಿದೆಯಲ್ಲ! ಆಮೇಲೆ ತಿರುಗಿ ನೋಡಿದೆ.

ಹಿರಿಯರು ಬಾಗಿಲ ಒಳಗೆ ತಲೆ ಬಗ್ಗಿಸಿ ನಿಂತಿದ್ದರು. ಪ್ರಾರ್ಥನೆಯ ಮಧ್ಯೆ ಯಾರೂ ಬಾಯಿ ಹಾಕಬಾರದು ಎಂದು ನಮಗೆಲ್ಲ ಕಲಿಸಿದವರೇ ಅವರು. ತಮ್ಮದೇ ಪ್ರಾರ್ಥನೆಯನ್ನು ಇನ್ನೊಬ್ಬನ ಬಾಯಿಯಿಂದ ಕೇಳುತ್ತಿದ್ದರೂ ಆ ನಿಯಮವನ್ನು ಮುರಿದಿರಲಿಲ್ಲ. ಕೊನೆಯವರೆಗೂ ನಿಂತಿದ್ದರು.

ನನ್ನ ಕಡೆ ಅವರು ನೋಡಲೇ ಇಲ್ಲ. ಮೈಕಿನ ಮುಂದೆ ಬಾಗಿಲಿಗೆ ಮುಖ ಮಾಡಿ ನಿಂತಿದ್ದ ಅಕ್ಕನನ್ನು ನೋಡಿದರು. ಅವಳು ನನ್ನ ಒಡಹುಟ್ಟಿದವಳೇನಲ್ಲ. ಹೊಸನಗರದ ಬಸ್ ಸ್ಟ್ಯಾಂಡಿನ ಹತ್ತಿರ ಬ್ಲೌಸ್ ಹೊಲಿಯುವವಳು. ನನಗಿಂತ ಸ್ವಲ್ಪ ದೊಡ್ಡವಳಾದ್ದರಿಂದ ಅಕ್ಕ ಎನ್ನುತ್ತೇನೆ. ಆರಾಧನೆ ನಡೆಸುವುದನ್ನು ಅವಳಿಗೆ ನಾನು ಕಲಿಸುತ್ತಿದ್ದೆ.

“ನೀನು ಕಣ್ಣು ಬಿಟ್ಕೊಂಡಿದ್ದೆ,” ಎಂದರು ಹಿರಿಯರು.

“ಹೌದು ಅಂಕಲ್.”

“ನಾನು ಬಂದಿದ್ದು ನೋಡಿದೆ.”

“ನೋಡಿದೆ.”

“ಕಣ್ಣು ಬಿಟ್ಕೊಂಡು ಇಂಥ ಆಟ ನೋಡ್ತಾ ನಿಂತೋರು ಆರಾಧನೆ ಹ್ಯಾಗಮ್ಮ ನಡೆಸ್ತಾರೆ? ತೀರ್ಥಹಳ್ಳಿ ಕೂಟದಲ್ಲಿ ನೀನು ಹಿಂದೆ ಕೋರಸ್ಸಿಗೆ ನಿಂತ್ಕೊ. ಮುಂದಿನ ಮೈಕು ಬೇಡ. ಹಾಡು ನಾನೇ ಎತ್ತುತೀನಿ, ಸಂಗೀತದ ಪುಸ್ತಕದ್ದು.”

ಇಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು. ಆಟ ಆಡಿದವನು ನಾನು, ಶಿಕ್ಷೆ ಅವಳಿಗೆ. “ಅಂಕಲ್, ನಿಲ್ಲಿ” ಎಂದು ಕೂಗಲು ಬಾಯಿ ತೆರೆದೆ. ಗಂಟಲಲ್ಲಿ ಇನ್ನೂ ಅವರ ಎಳೆತವೇ ಕೂತಿತ್ತು. ಎಲ್ಲಿ ಮತ್ತೆ ಅವರ ಧ್ವನಿಯಲ್ಲೇ ಕೂಗಿಬಿಡುತ್ತೇನೋ ಎಂದು ಹೆದರಿ ಬಾಯಿ ಮುಚ್ಚಿದೆ.

ಅಕ್ಕ ಮೈಕಿನ ವೈರು ಸುತ್ತುತ್ತಿದ್ದಳು. “ಮಾಸ್ಟ್ರೇ, ಪಾಠ ಮುಗೀತಲ್ಲ, ಇನ್ನು ಬಸ್ಸಿಗೆ ಹೊರಡಿ,” ಎಂದಳು. ಕಿರಿಯನಾದ ನನ್ನನ್ನು ಅವಳು ಬಹುವಚನದಲ್ಲಿ ಕರೆದರೆ ಅದು ಮರ್ಯಾದೆಯಲ್ಲ, ಬೈಗುಳ.

ನಮ್ಮದು ಮೂರು ಊರಿನ ಸಭೆ, ಒಬ್ಬರೇ ಪಾಸ್ಟರ್. ಸಾಗರದಲ್ಲಿ ಬೆಳಗಿನ ಆರಾಧನೆ ಮುಗಿಸಿ, ಬೈಕಿನಲ್ಲಿ ಹೊಸನಗರಕ್ಕೆ ಹೋಗಿ, ಅಲ್ಲಿಂದ ತೀರ್ಥಹಳ್ಳಿ ಮುಟ್ಟುವಾಗ ಅವರ ಉಪದೇಶದ ಪ್ರಸಂಗಕ್ಕಿಂತ ಅವರ ಬೆನ್ನುನೋವು ಉದ್ದವಾಗಿರುತ್ತದೆ. ಸಾಗರದ ಹಾಡಿನ ತಂಡ ನನ್ನ ಕೈಯಲ್ಲಿದೆ. ವಾರವೆಲ್ಲ ಮೊಬೈಲ್ ಅಂಗಡಿಯಲ್ಲಿ ಗಿರಾಕಿಗಳ ದನಿ ಕದಿಯುತ್ತೇನೆ, ಭಾನುವಾರ ಕೀಬೋರ್ಡ್ ನುಡಿಸುತ್ತೇನೆ. ನುಡಿಸುತ್ತೇನೆ ಎಂದರೆ, ನನಗೆ ಬರುವುದು ಒಂದೇ ಸ್ಕೇಲು. ಉಳಿದದ್ದೆಲ್ಲ ಕೀಬೋರ್ಡಿನ ಸ್ಥಾಯಿ ಏರಿಸಿ ಇಳಿಸುವ ಗುಂಡಿಯ ಕೃಪೆ. ಬೆರಳು ಅವೇ ಮನೆಗಳ ಮೇಲೆ ಓಡುತ್ತಿರುತ್ತದೆ, ಗುಂಡಿ ಒತ್ತಿದರೆ ದನಿ ಬೇರೆ ಸ್ಥಾಯಿಗೆ ಹೋಗುತ್ತದೆ. ಜನ ನನ್ನನ್ನು ವಿದ್ವಾಂಸ ಎಂದುಕೊಂಡಿದ್ದಾರೆ.

ನಾನು ಕಲಿಸುವ ರೀತಿಯೂ ಅಷ್ಟೇ. ಯಾರು ಎಲ್ಲಿ ತಪ್ಪುತ್ತಾರೋ ಅದನ್ನು ಅವರ ಹಾಗೆಯೇ ಮಾಡಿ ತೋರಿಸುತ್ತೇನೆ. ಮೂಗಿನಲ್ಲಿ ಹಾಡುವವನಿಗೆ ಅವನ ಮೂಗು, ಅವಸರ ಮಾಡುವವಳಿಗೆ ಅವಳ ಅವಸರ. ನಕ್ಕು ತಿದ್ದಿಕೊಳ್ಳುತ್ತಿದ್ದರು. ಅಕ್ಕನಿಗೂ ಮೊದಲ ದಿನ ಅದನ್ನೇ ಮಾಡಿದೆ. ಅವಳು ಸಾಲಿನ ಕೊನೆಯ ಶಬ್ದವನ್ನು ನುಂಗುತ್ತಿದ್ದಳು, ನಾನೂ ನುಂಗಿ ತೋರಿಸಿದೆ. ಅವಳು ನಗಲಿಲ್ಲ.

“ನಾನು ಹಂಗೆ ಮಾಡ್ತೀನಾ? ಸರಿ. ಈಗ ಹೆಂಗ್ ಮಾಡ್ಬೇಕು ಅಂತ ತೋರ್ಸು.”

ನಾನು ಕೀಬೋರ್ಡಿನ ಧೂಳು ಒರೆಸಿದೆ.

ಹೊಸನಗರದ ಸಭೆಗೆ ಹಾಡು ನಡೆಸುವವರೇ ಇರಲಿಲ್ಲ. ಸಾಗರದಿಂದ ಯಾರಾದರೂ ಬಸ್ಸು ಹಿಡಿದು ಹೋಗಬೇಕಿತ್ತು, ಬಸ್ಸು ತಪ್ಪಿದರೆ ಅರ್ಧ ಜನ ಒಂದು ಸ್ಥಾಯಿಯಲ್ಲಿ, ಇನ್ನರ್ಧ ಜನ ಇನ್ನೊಂದರಲ್ಲಿ ಹಾಡಿ ದೇವರ ತಾಳ್ಮೆ ಪರೀಕ್ಷಿಸುತ್ತಿದ್ದರು. ಅಕ್ಕನನ್ನು ತಯಾರು ಮಾಡಿ ಎಂದು ಪಾಸ್ಟರ್ ನನಗೆ ಹೇಳಿದ್ದರು. ಮೂರೂ ಸಭೆ ಸೇರುವ ತೀರ್ಥಹಳ್ಳಿಯ ಕೂಟದಲ್ಲಿ ಮೊದಲ ಹಾಡು ಅವಳು ನಡೆಸಬೇಕು, ಜನ ಒಪ್ಪಿದರೆ ಹೊಸನಗರದ ತಂಡ ಅವಳದು. ಮುಂದಿನ ಮೈಕಿಗೆ ನಮ್ಮಲ್ಲಿ ಅದುವರೆಗೆ ಹೆಂಗಸರು ನಿಂತದ್ದಿಲ್ಲ. ಸ್ಕೂಲಿಗೆ ಹೋಗುತ್ತಿದ್ದಾಗಿನಿಂದ ಅವಳು ಹಿಂದಿನ ಸಾಲಿನಲ್ಲೇ ಹಾಡುತ್ತಿದ್ದವಳು. ಒಮ್ಮೆ ನನಗೆ ಹೇಳಿದ್ದಳು: “ಕೋರಸ್ಸಿನ ಮೈಕಿಗೆ ಯಾವತ್ತೂ ವಾಲ್ಯೂಮೇ ಇಡ್ತಿರ್ಲಿಲ್ಲ ಗೊತ್ತಾ? ಇಷ್ಟು ವರ್ಷ ನಾನು ಹಾಡಿದ್ದು ನನ್ ಪಕ್ಕದೋಳಿಗೆ ಮಾತ್ರ ಕೇಳಿದೆ.”

ಆ ಅವಕಾಶವನ್ನು ನಾನು ಒಂದು ಮಧ್ಯಾಹ್ನದ ಆಟದಲ್ಲಿ ಕಳೆದಿದ್ದೆ.

ಆಟ ಎಂದರೂ ಅದಕ್ಕೊಂದು ಕಾರಣವಿತ್ತು. ಕೂಟದಲ್ಲಿ ಹಿರಿಯರು ಪ್ರಾರ್ಥಿಸುವಾಗ ಕೀಬೋರ್ಡಿನಲ್ಲಿ ಸಣ್ಣಗೆ ಒಂದು ಸ್ವರ ಹಿಡಿದಿರಬೇಕು. ಅವರ ಆಮೆನ್ ಮುಗಿಯುತ್ತಿದ್ದ ಹಾಗೆ ಹಾಡು ಹೊರಡಬೇಕು. ಅವರ ದನಿಗೆ ಹೊಂದುವ ಸ್ಥಾಯಿ ಬೇರೆ, ಅಕ್ಕನ ಸ್ಥಾಯಿ ಬೇರೆ. ಸ್ವರ ಹಿಡಿದಿರುವಾಗಲೇ ಗುಂಡಿ ಒತ್ತಿದರೆ ಕೀಬೋರ್ಡ್ ಬಿಕ್ಕುತ್ತದೆ. ಆದ್ದರಿಂದ ಪ್ರಾರ್ಥನೆ ಎಲ್ಲಿ ಮುಗಿಯುತ್ತದೆ ಎಂದು ಮೊದಲೇ ತಿಳಿದು ಕೈಯೆತ್ತಿ ಗುಂಡಿ ಒತ್ತಿಕೊಳ್ಳಬೇಕು. ಹಿರಿಯರು ಮತ್ತೆ ಮತ್ತೆ ‘ಕಡೆಯದಾಗಿ’ ಎನ್ನುತ್ತಾರೆ, ಅದನ್ನು ನಂಬಿದವರು ಕೆಟ್ಟರು. ‘ಕಟ್ಟಕಡೆಯದಾಗಿ’ ಎಂದಾಗ ಮಾತ್ರ ನಿಜವಾಗಿ ಮುಗಿಸುತ್ತಾರೆ. ಅದರ ಅಭ್ಯಾಸಕ್ಕೆ ಅವರು ಬೇಕು. ಅವರಿಲ್ಲದಿದ್ದರೆ ನಾನು. ಅಷ್ಟಕ್ಕೆ ನಿಲ್ಲಿಸಿದ್ದರೆ ಸರಿಯಿತ್ತು. ಕೆಮ್ಮು ಬೇಕಿರಲಿಲ್ಲ. ತುಮರಿಯೂ ಬೇಕಿರಲಿಲ್ಲ.

ಪಾಸ್ಟರ್ ಹತ್ತಿರ ಹೋದೆ. ಎಲ್ಲ ಕೇಳಿ ಅವರು, “ಪ್ರಾರ್ಥನೆ ಮಾಡೋಣ,” ಎಂದರು. ಜಗಳ ಬಂದಾಗ ಅವರು ಹೇಳುವುದು ಇದೊಂದೇ. “ಪಾಸ್ಟರ್, ಪ್ರಾರ್ಥನೆಯಿಂದಲೇ ಆಗಿದ್ದು ಇದೆಲ್ಲ,” ಎಂದೆ. ಅವರಿಗೆ ನಗು ಬಂತು. ನಗು ತಡೆದುಕೊಂಡು, ತೀರ್ಥಹಳ್ಳಿಗೆ ಹೋಗಿ ಅವರ ಕಾಲಿಗೆ ಬಿದ್ದು ಬಾ ಎಂದರು.

ತುಂಗೆಯ ಸೇತುವೆ ದಾಟಿ ಹಿರಿಯರ ಮನೆ ಮುಟ್ಟುವವರೆಗೆ ಕ್ಷಮೆಯ ಮಾತನ್ನು ಬಾಯಿಪಾಠ ಮಾಡಿದೆ. ಅವರು ಕಾರ್ಗಲ್ಲಿನ ವಿದ್ಯುತ್ ಯೋಜನೆಯಲ್ಲಿ ದುಡಿದು ನಿವೃತ್ತರಾದವರು, ಮಾತಿನಲ್ಲಿ ಈಗಲೂ ಸ್ವಿಚ್ ಒತ್ತಿದ ಹಾಗೆ ಆನ್ ಮತ್ತು ಆಫ್ ಮಾತ್ರ ಇದೆ. ಆಂಟಿ ಕಾಫಿ ತಂದಿಟ್ಟು ಒಳಗೆ ಹೋದರು. ನಾನು ಬಾಯಿ ತೆರೆಯುವ ಮೊದಲೇ ಹಿರಿಯರು, “ಮಾಡು,” ಎಂದರು.

“ಎಂತ ಅಂಕಲ್?”

“ಅವತ್ತು ಮಾಡಿದ್ದು. ನನ್ನೆದ್ರಿಗೆ ಮಾಡು.”

ಯಾರ ಮದುವೆ ಮನೆಯಲ್ಲಾದರೂ, ಯಾವ ಬಸ್ಸಿನಲ್ಲಾದರೂ ಕೇಳಿದ ಕೂಡಲೇ ಮಾಡುವವನು ನಾನು. ಅವರ ಮುಖ ನೋಡುತ್ತ ಕೆಮ್ಮಲೂ ಆಗಲಿಲ್ಲ. ಕಾಫಿ ಲೋಟವನ್ನು ಬಾಯಿಗೆ ಅಡ್ಡ ಹಿಡಿದೆ.

“ಬರಲ್ವಾ?” ಎಂದರು. “ಹಂಗಾದ್ರೆ ಅದು ಬೆನ್ನ ಹಿಂದೆ ಮಾತ್ರ ಬರೋ ವಿದ್ಯೆ.”

ತಲೆ ತಗ್ಗಿಸಿದೆ. ತಪ್ಪಾಯಿತು ಎಂದೆ. ಅಕ್ಕನದು ಏನೂ ತಪ್ಪಿಲ್ಲ ಎಂದೆ. ಆಮೇಲೆ ಕೀಬೋರ್ಡಿನ ಗುಂಡಿಯ ವಿಷಯ, ಕಡೆಯದಾಗಿ, ಕಟ್ಟಕಡೆಯದಾಗಿ, ಎಲ್ಲ ಹೇಳಿದೆ. ಅಡುಗೆಮನೆಯಿಂದ ಆಂಟಿಯ ದನಿ ಬಂತು.

“ಆ ಕಡೆಯದಾಗಿ ಸಂಗ್ತಿ ನಾನು ಮದ್ವೆಯಾದಾಗ್ಲಿಂದ ಹೇಳ್ತಿದೀನಿ. ಇವ್ರ್ ಪ್ರಾರ್ಥನೆ ಮುಗಿಯೋಷ್ಟರಲ್ಲಿ ಅನ್ನ ತಣ್ಣಗಾಗ್ತಿತ್ತು!”

ಹಿರಿಯರು ಅಡುಗೆಮನೆ ಕಡೆ ತಿರುಗಲಿಲ್ಲ. “ಅಂದ್ರೆ ನಾನೆಲ್ಲಿ ಮುಗಿಸ್ತೀನಿ ಅಂತ ನಿಮಗೆಲ್ಲ ಮೊದಲೇ ಗೊತ್ತು,” ಎಂದರು.

“ಗೊತ್ತು ಅಂಕಲ್.”

ಹಾಡನ್ನು ಹಾರ್ಮೋನಿಯಂ ಕೂಡ ಇಲ್ಲದೆ ಬರೀ ಗಂಟಲಿನಿಂದ ಎತ್ತಿ ಸಭೆಯನ್ನು ನಡೆಸಿದ ಕಾಲ ಅವರದು. ಆ ಕಾಲದ ಬಗ್ಗೆ ಏನೋ ಹೇಳುತ್ತಾರೆ ಎಂದುಕೊಂಡೆ. ಹೇಳಿದ್ದು ಬೇರೆ.

“ಸರಿ. ಹಾಡ್ಲಿ. ಆದ್ರೆ ಮೊದಲ್ನೇ ಹಾಡು ತಡೆಯಿಲ್ದೆ ಸಾಗ್ಬೇಕು. ಮಧ್ಯ ನಿಂತ್ರೆ ನಾನು ಪುಸ್ತಕ ತೆಗೀತೀನಿ. ಆಮೇಲೆ ಹೊಸನಗರದ ತಂಡದ ಮಾತು ಯಾರೂ ಎತ್ಬಾರ್ದು.”

ಗೆದ್ದೆ ಎಂದುಕೊಂಡು ವಾಪಸ್ಸಿನ ಬಸ್ಸಿನಿಂದ ಹೊಸನಗರದಲ್ಲಿ ಇಳಿದು ಅಕ್ಕನ ಅಂಗಡಿಗೆ ಓಡಿದೆ. ನಾನು ಹೇಳಿ ಮುಗಿಸುವವರೆಗೂ ಅವಳು ಹೊಲಿಗೆ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ಕೂತಿದ್ದಳು.

“ಕ್ಷಮೆ ನಿಂದು, ಕೇಳ್ಕೊಂಡ್ ಬಂದೆ, ಸರಿ. ಆದ್ರೆ ಷರತ್ತು ನಂಗೆ ಹಾಕಿದ್ದಲ್ವನಾ? ಅದನ್ನ ಒಪ್ಕೊಂಡ್ ಬರೋಕೆ ನೀನ್ಯಾರು ಮಾರಾಯ?”

“ಅಕ್ಕ, ಹಾಡೋಕೆ ಬಿಟ್ರಲ್ಲ...”

“ಬಿಟ್ರು. ಒಂದ್ ಸಲ ಎಡವಿದ್ರೆ ಮುಗೀತು ಅಂತ ಬಿಟ್ರು. ಅವ್ರು ಪ್ರಾರ್ಥನೇಲಿ ಎಷ್ಟ್ ಸಲ ಎಡವ್ತಾರೆ, ಯಾರಾದ್ರೂ ಪುಸ್ತಕ ತೆಗ್ದಿದಾರಾ?” ಚಕ್ರ ತಿರುಗಿಸಿದಳು. ಒಂದು ತೋಳು ಹೊಲಿದು ಮುಗಿಸಿದ ಮೇಲೆ, “ಶನಿವಾರ ಬಾ. ಆದ್ರೆ ಇನ್ಮೇಲೆ ಯಾರ ದನೀನೂ ಬೇಡ. ನಿನ್ ಬಾಯಲ್ಲಿ ಹೇಳ್ಕೊಡು. ಬರದೇ ಇದ್ರೆ ಬರಲ್ಲ ಅನ್ನು,” ಎಂದಳು.

ಆ ಶನಿವಾರಗಳು ನನಗೆ ಕಷ್ಟವಾದವು. ಅಣಕಿಸದೆ ತಿದ್ದಲು ನನಗೆ ಮಾತೇ ಇರಲಿಲ್ಲ. “ಚೆನ್ನಾಗಿದೆ ಅಕ್ಕ” ಎಂದರೆ “ಎಂತ ಚೆನ್ನಾಗಿದೆ?” ಎನ್ನುತ್ತಿದ್ದಳು. “ಸ್ವಲ್ಪ ಸರಿಯಿಲ್ಲ” ಎಂದರೆ “ಯಾವ ಶಬ್ದ?” ಎನ್ನುತ್ತಿದ್ದಳು. ಶಬ್ದ ಹುಡುಕಿ ತೋರಿಸಬೇಕಾದರೆ ನಾನು ಕಿವಿಗೊಟ್ಟು ಕೇಳಬೇಕಾಯಿತು. ಕೇಳಿದಾಗ ತಿಳಿಯಿತು, ಅವಳು ಸಾಲಿನ ಕೊನೆ ನುಂಗುತ್ತಿದ್ದುದು ಅಭ್ಯಾಸದಿಂದಲ್ಲ, ನಾನು ಗುಂಡಿ ಒತ್ತಿ ಕೊಟ್ಟ ಎತ್ತರದ ಸ್ಥಾಯಿಯಲ್ಲಿ ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ಇಷ್ಟು ದಿನ ನಾನು ಅಣಕಿಸಿದ್ದು ನನ್ನದೇ ತಪ್ಪನ್ನು. ಕೀಬೋರ್ಡ್ ಮುಚ್ಚಿದೆವು. ಅವಳು ಕಣ್ಣು ಮುಚ್ಚಿ ತನಗೆ ಆರಾಮ ಎನಿಸುವ ಕಡೆ ಗುನುಗುವುದು, ನಾನು ಆಮೇಲೆ ಅದನ್ನು ಕೀಬೋರ್ಡಿನಲ್ಲಿ ಹುಡುಕುವುದು, ಹೀಗೆ ಮಾಡಿದೆವು. ಪ್ರತಿ ಸಲ ಅವಳು ಅದೇ ಜಾಗಕ್ಕೆ ಬಂದು ನಿಲ್ಲುತ್ತಿದ್ದಳು. ನಾನು ಪ್ರತಿ ಸಲ ಹೊಸದಾಗಿ ಹುಡುಕುತ್ತಿದ್ದೆ.

ಮುಷ್ಟಿ ಬಿಗಿಹಿಡಿದರೆ ನಿಲ್ಲಿಸಿ, ಒಂದು ಬೆರಳೆತ್ತಿದರೆ ಪಲ್ಲವಿ ಇನ್ನೊಮ್ಮೆ, ಈ ಸನ್ನೆಗಳನ್ನೂ ಕಲಿತಳು. ಅದುವರೆಗೆ ತಂಡಕ್ಕೆ ಸನ್ನೆ ಮಾಡುತ್ತಿದ್ದವನು ನಾನು. ಇನ್ನು ನಾನು ಅವಳ ಬೆನ್ನು ನೋಡುತ್ತ ಅವಳ ಕೈ ಕಾಯಬೇಕಿತ್ತು.

ಕೂಟದ ದಿನ ತೀರ್ಥಹಳ್ಳಿಯ ಸಭೆಯಲ್ಲಿ ಬೆಂಚು ಸಾಲದೆ ಚಾಪೆ ಹಾಸಿದ್ದರು. ಹಿರಿಯರು ಮೊದಲ ಬೆಂಚಿನ ಅಂಚಿನಲ್ಲಿ, ತೊಡೆಯ ಮೇಲೆ ಸಂಗೀತದ ಪುಸ್ತಕ. ಹಾಡಿನ ಪುಟಕ್ಕೆ ಆಗಲೇ ಗುರುತಿಗೊಂದು ಕಾಗದದ ತುಂಡು ಇಟ್ಟಿದ್ದರು. ಅಕ್ಕ ಅದನ್ನು ನೋಡಿದಳು, ನಾನು ನೋಡಿದೆ ಎಂಬುದನ್ನೂ ನೋಡಿದಳು. ಅವಳ ಸೆರಗಿನ ತುದಿ ಬೆರಳಿಗೆ ಸುತ್ತಿ ಸುತ್ತಿ ಹಗ್ಗವಾಗಿತ್ತು.

ಹಿರಿಯರು ಎದ್ದು ಪ್ರಾರ್ಥನೆಗೆ ನಿಂತರು. ಸ್ವರ ಹಿಡಿದೆ. ಕೆಮ್ಮು ಬರಲಿಲ್ಲ. ಎಳೆತವೂ ಇಲ್ಲ. ಊರುಗಳಿಗೆ ಕಾದೆ. ‘ಮೂರೂ ಸಭೆಗಳನ್ನು ಆಶೀರ್ವದಿಸು’ ಎಂದು ಒಂದೇ ಉಸಿರಿನಲ್ಲಿ ಎಲ್ಲ ಊರನ್ನೂ ದಾಟಿಬಿಟ್ಟರು. ಪಾಪ, ತುಮರಿಯವರಿಗೆ ಆ ವರ್ಷ ಬೇರೆಯಾಗಿ ಆಶೀರ್ವಾದ ಸಿಗಲಿಲ್ಲ. ಕಡೆಯದಾಗಿ ಎನ್ನುತ್ತಾರೆ, ಆಮೇಲೆ ಇನ್ನೊಂದು ಬರುತ್ತದೆ, ಆಮೇಲೆ ಕಟ್ಟಕಡೆಯದು, ಆಗ ಕೈಯೆತ್ತುತ್ತೇನೆ ಎಂದು ಕೂತಿದ್ದವನ ಕಿವಿಗೆ ನೇರವಾಗಿ ‘ಆಮೆನ್’ ಬಿತ್ತು.

ನೂರಾರು ಕಣ್ಣು ತೆರೆದವು. ನನ್ನ ಕೈ ಇನ್ನೂ ಅವರ ಸ್ಥಾಯಿಯಲ್ಲೇ ಇತ್ತು. ಗುಂಡಿಗೆ ಬೆರಳು ಹಾಕಿದೆ, ಒತ್ತಿದೆ, ಒತ್ತಿದೆ, ಮತ್ತೆ ಒತ್ತಿದೆ, ಹಾಡಿನ ಮೊದಲ ಸಾಲು ನುಡಿಸಿದೆ. ಇಳಿಸುವ ಗುಂಡಿಯ ಬದಲು ಏರಿಸುವ ಗುಂಡಿ ಒತ್ತಿದ್ದೆ. ಹಾಡು ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಎಲ್ಲೋ ಮಾಡಿಗೆ ಹತ್ತಿ ಕೂತಿತು. ಅಕ್ಕ ಮೊದಲ ಶಬ್ದ ಹಾಡಿದಳು, ಎರಡನೆಯದಕ್ಕೆ ದನಿ ಸೀಳಿತು. ಹಿಂದಿನ ಸಾಲಿನ ಗಂಡಸರು ತಾವು ಹಾಡಬಲ್ಲ ಕಡೆ ಹಾಡತೊಡಗಿದರು, ಹೆಂಗಸರು ಇನ್ನೊಂದು ಕಡೆ. ಆದರೂ ನಾನು ನುಡಿಸುತ್ತಲೇ ಇದ್ದೆ. ಹೊರಟ ಮೇಲೆ ಹೇಗಾದರೂ ಮುಟ್ಟಿಸಬೇಕು, ನಿಲ್ಲಬಾರದು, ನಿಂತರೆ ಪುಸ್ತಕ, ಎಂಬುದೊಂದೇ ತಲೆಯಲ್ಲಿ.

ಅಕ್ಕನ ಕೈ ಮೇಲೆ ಹೋಯಿತು. ಮುಷ್ಟಿ.

ನಾನು ನಂಬದೆ ಇನ್ನೆರಡು ಸ್ವರ ನುಡಿಸಿದೆ. ಮುಷ್ಟಿ ಇಳಿಯಲಿಲ್ಲ. ಕೈ ತೆಗೆದೆ.

ಹಾಡುತ್ತಿದ್ದ ಮೂರು ಊರಿನ ಜನವೂ ಒಬ್ಬೊಬ್ಬರಾಗಿ ನಿಲ್ಲಿಸಿದರು. ಹಿರಿಯರು ಪುಸ್ತಕ ತೆರೆದರು. ಗಂಟಲು ಸರಿಮಾಡಿಕೊಂಡು ಅರ್ಧ ಎದ್ದರು. ಪಾಸ್ಟರ್ ಕಣ್ಣು ಮುಚ್ಚಿಕೊಂಡರು, ಅವರ ಪರಿಹಾರ ಅವರಿಗೆ. ಅಕ್ಕನೂ ಕಣ್ಣು ಮುಚ್ಚಿದ್ದಳು. ಮೈಕಿನಿಂದ ಸ್ವಲ್ಪ ಹಿಂದೆ ಸರಿದು, ತುಟಿ ತೆರೆಯದೆ ಗುನುಗಿಕೊಂಡಳು. ಆಮೇಲೆ ಕೀಬೋರ್ಡ್ ಇಲ್ಲದೆ, ಯಾರನ್ನೂ ಕೇಳದೆ, ಹಾಡನ್ನು ಮೊದಲಿನಿಂದ ಎತ್ತಿದಳು.

ಸಾಲಿನ ಕೊನೆಯ ಶಬ್ದ ಗೋಡೆಯವರೆಗೂ ಹೋಯಿತು. ಚಾಪೆಯ ಮೇಲಿನ ಹೆಂಗಸರು ಎರಡನೆಯ ಸಾಲಿಗೇ ಕೂಡಿಕೊಂಡರು. ಅವರಿಗೂ ಅದು ಆರಾಮದ ಸ್ಥಾಯಿ ಎಂದು ಕಾಣುತ್ತದೆ, ಆ ಸಭೆಯಲ್ಲಿ ಹೆಂಗಸರು ಅಷ್ಟು ಗಟ್ಟಿಯಾಗಿ ಹಾಡಿದ್ದನ್ನು ನಾನು ಕೇಳಿರಲಿಲ್ಲ. ಹಿರಿಯರು ಇನ್ನೂ ಅರ್ಧ ಎದ್ದೇ ಇದ್ದರು. ಆಂಟಿ ಅವರ ಅಂಗಿಯ ತುದಿ ಹಿಡಿದು ಕೆಳಗೆ ಎಳೆದರು. ನಾನು ಅವಳ ಸ್ಥಾಯಿ ಹುಡುಕುತ್ತ ಕೀಬೋರ್ಡಿನ ಮೇಲೆ ತಡಕಾಡಿದೆ. ಸಿಕ್ಕಿದ್ದು ಎರಡನೆಯ ಚರಣದಲ್ಲಿ.

ಆರಾಧನೆ ಮುಗಿದು ಅಂಗಳದಲ್ಲಿ ಊಟಕ್ಕೆ ಸಾಲು ನಿಂತಾಗ ಹಿರಿಯರು ನಮ್ಮನ್ನೂ ಪಾಸ್ಟರನ್ನೂ ಮೆಟ್ಟಿಲ ಹತ್ತಿರ ಕರೆದರು. ಪುಸ್ತಕ ಕಂಕುಳಲ್ಲಿತ್ತು.

“ಚೆನ್ನಾಗಿ ಹಾಡಿದೆ. ಅದು ಬೇರೆ. ಮಾತು ಅಂದ್ರೆ ಮಾತು. ಹಾಡು ಮಧ್ಯ ನಿಂತಿತು.”

“ನಿಂತಿದ್ದು ನನ್ನಿಂದ ಅಂಕಲ್,” ಎಂದೆ. “ಗುಂಡಿ ನಾನು ತಪ್ಪು ಒತ್ತಿದ್ದು. ನೀವು ಅಷ್ಟು ಬೇಗ ಮುಗಿಸ್ತೀರಿ ಅಂತ...”

“ನಾನು ಮುಗಿಸೋದನ್ನ ಕಲಿತೆ, ನೀನು ಶುರು ಮಾಡೋದನ್ನ ಕಲೀಲಿಲ್ಲ.” ನನ್ನ ಕಡೆಗೆ ಇಷ್ಟು ಹೇಳಿ ಮತ್ತೆ ಅಕ್ಕನ ಕಡೆ ತಿರುಗಿದರು. “ತಪ್ಪು ಯಾರ್ದೇ ಇರ್ಲಿ. ನಡೆಸೋಳು ನೀನು. ಹೆಂಗಾದ್ರೂ ಸಾಗಿಸ್ಬೇಕಿತ್ತು. ಕೈ ಎತ್ತಿ ನಿಲ್ಸಿದ್ದು ನೀನೇ, ಎಲ್ರೂ ನೋಡಿದಾರೆ.”

ಪಾಸ್ಟರ್, “ಇದರ ಬಗ್ಗೆ ಪ್ರಾರ್ಥನೆ ಮಾಡಿ...” ಎಂದು ಶುರು ಮಾಡಿದರು. ಸಾಲಿನಲ್ಲಿ ತಟ್ಟೆ ಹಿಡಿದು ನಿಂತವರು ಊಟದ ಕಡೆ ಮುಖ ಮಾಡಿಕೊಂಡೇ ಕಿವಿ ಈಚೆ ಇಟ್ಟಿದ್ದರು. ಏನಾದರೊಂದು ಚೇಷ್ಟೆ ಮಾಡಿ ಎಲ್ಲರನ್ನೂ ನಗಿಸಿ ಬಿಡಿಸೋಣ ಎಂದು ನಾಲಿಗೆ ತುದಿಯವರೆಗೆ ಬಂತು. ಅಕ್ಕ ನನ್ನ ಕಡೆ ಒಮ್ಮೆ ನೋಡಿದಳು, ನಾಲಿಗೆ ಒಳಗೆ ಹೋಯಿತು.

ಹೊಸನಗರದ ತಂಡ ಈಗ ಅವಳದೇ. ಅದನ್ನು ಯಾವ ಸಮಿತಿಯೂ ಕೂತು ತೀರ್ಮಾನಿಸಲಿಲ್ಲ, ಪಾಸ್ಟರರ ಪ್ರಾರ್ಥನೆಗೂ ಸಮಯ ಸಿಗಲಿಲ್ಲ. ಆ ಮೆಟ್ಟಿಲ ಹತ್ತಿರ ಅವಳು ಹೇಳಿದ್ದನ್ನು ಕೇಳಿ ಹಿರಿಯರು ಪುಸ್ತಕದಿಂದ ಗುರುತಿನ ಕಾಗದ ತೆಗೆದು ಜೇಬಿಗೆ ಹಾಕಿಕೊಂಡು ಊಟದ ಸಾಲಿಗೆ ಹೋದರು, ಅಷ್ಟೇ. ಅವಳ ದನಿ ತೆಗೆಯಲು ನನಗೆ ಈಗ ಧೈರ್ಯವಿಲ್ಲ. ಆದ್ದರಿಂದ ಒಂದಕ್ಷರ ಬದಲಿಸದೆ ಬರೆಯುತ್ತಿದ್ದೇನೆ:

“ಹಾಡು ಎತ್ತೋರು ಈ ಮೂರೂ ಸಭೇಲಿ ಬೇಕಾದಷ್ಟು ಜನ ಇದೀರಿ ಅಂಕಲ್. ತಪ್ಪಾಗಿ ಹೊರಟಿದ್ದನ್ನ ಎಲ್ರೆದ್ರಿಗೆ ನಿಲ್ಸಿ, ಮತ್ತೆ ಸರಿಯಾಗಿ ಎತ್ತೋರು ಒಬ್ರು ಇದ್ರೆ ತೋರ್ಸಿ, ನಾನು ಈಗ್ಲೇ ಹೋಗಿ ಹಿಂದೆ ನಿಂತ್ಕೋತೀನಿ.”